ಅಟ್ಟದ ಅಕ್ಕಿಮುಡಿ

ಕಾರ್ಕಳದಿಂದ ಘಟ್ಟದ ಬುಡಕ್ಕೆ ಹೋಗುವ ರಸ್ತೆಯ ಬದಿಗೆ ಅಕ್ಕನ ಮನೆ. ಮನೆಯ ಕೆಳಗೆ ಅಡಿಕೆ ತೋಟ, ತೋಟದಾಚೆ ತೋಡು, ತೋಡು ದಾಟಿದರೆ ಕಡಿದಾದ ಏರು. ಭಾವನಿಗೆ ಈಗ 62 ವರ್ಷ. ನೆನಪು ಬಲಿತಂದಿನಿಂದ ಏಕಾದಶಿ ತಪ್ಪಿಸಿದವರಲ್ಲ. ದಶಮಿಯ ಮಧ್ಯಾಹ್ನ ಉಂಡು ಎದ್ದರೆ ಮತ್ತೆ ಎಲೆಯ ಮುಂದೆ ಕೂರುವುದು ದ್ವಾದಶಿಯ ಬೆಳಿಗ್ಗೆಯೇ. ನಡುವೆ ನೀರು ಮಾತ್ರ. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯೆ ಕಲಿಸುವವನು. ಸ್ನಾಯುವಿನ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಆದರೆ ಕಳೆದ ದ್ವಾದಶಿಯಂದು ಭಾವ ಕೇಳಿದ ಹಾಗೆ ತರಗತಿಯಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಪಾರಣೆ ಮುಗಿಸಿ ಚಾವಡಿಯಲ್ಲಿ ಕೂತಿದ್ದರು. ಅಕ್ಕನಿಗೆಂದು ಮಗ ತಂದುಕೊಟ್ಟ ಗ್ಲೂಕೋಮೀಟರ್ ಅವರ ಕೈಯಲ್ಲಿತ್ತು. ಮುಖದಲ್ಲಿ ಕಳವಳ. ಅಲ್ಲಿಂದ ಶುರುವಾದ ಮಾತನ್ನು ನೆನಪಿದ್ದಷ್ಟು ಇಲ್ಲಿ ಬರೆದಿಟ್ಟಿದ್ದೇನೆ.

ಭಾವ: ಇದನ್ನು ನೋಡು ಮಾರಾಯ. ಪಾರಣೆಗೆ ಮೊದಲು 78 ಇತ್ತು. ಉಂಡು ಎರಡು ಗಂಟೆಯಾಯಿತು, ಈಗ 196. ಹತ್ತಿರಹತ್ತಿರ 40 ಗಂಟೆ ನೀರು ಬಿಟ್ಟು ಮತ್ತೇನೂ ಮುಟ್ಟದವನಿಗೆ ಸಕ್ಕರೆ ಏರುವುದು ಎಂತಕ್ಕೆ? ಈ ಮೆಷಿನ್ ಕೆಟ್ಟಿದೆಯೋ, ಅಲ್ಲ ನನಗೂ ಸಕ್ಕರೆ ಕಾಯಿಲೆ ಶುರುವಾಯಿತೋ?

ನಾನು: ಬೇರೆ ದಿನ ಊಟವಾದ ಮೇಲೆ ನೋಡಿದ್ದುಂಟಾ?

ಭಾವ: ಕಳೆದ ವಾರ ನೋಡಿದ್ದೆ, 132. ಮೂರು ತಿಂಗಳ ಸರಾಸರಿ ಹೇಳುವ ಟೆಸ್ಟೂ ಮಾಡಿಸಿದ್ದೆ, 5.5. ಎಂತದೂ ಇಲ್ಲ ಅಂದರು ಡಾಕ್ಟರು.

ನಾನು: ಹಾಗಿದ್ದರೆ ಹೆದರಬೇಡಿ ಭಾವ. ಇದು ಹಳೆಯ ಸಂಗತಿ. ಫ್ರಾಂಜ್ ಹಾಫ್‌ಮೈಸ್ಟರ್ ಎಂಬ ವಿಜ್ಞಾನಿ 1890ರಲ್ಲೇ ಇದನ್ನು ನಾಯಿಗಳಲ್ಲಿ ಕಂಡಿದ್ದರು. ಹಸಿದ ನಾಯಿಗಳಿಗೆ ಆಹಾರ ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತಿತ್ತು. ಅದಕ್ಕೆ 'ಹಸಿವಿನ ಮಧುಮೇಹ' ಅಂತಲೇ ಹೆಸರಿಟ್ಟರು. ಇವತ್ತಿಗೂ ಗ್ಲೂಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆಗೆ ಮೊದಲಿನ ಮೂರು ದಿನ, ದಿನಕ್ಕೆ ಕಡಿಮೆಯೆಂದರೆ 150 ಗ್ರಾಂ ಪಿಷ್ಟ-ಸಕ್ಕರೆ ತಿಂದಿರಬೇಕೆಂಬ ನಿಯಮ ಉಂಟು. ಅನ್ನ ಬಿಟ್ಟು ಬಂದವನಲ್ಲಿ ಪರೀಕ್ಷೆ ಇಲ್ಲದ ಕಾಯಿಲೆ ತೋರಿಸಿಬಿಡುತ್ತದೆ.

ಭಾವ: ಹಾಗೆ ತೋರಿಸುವ ಹಾಗೆ ಮಾಡುವವರು ಯಾರು?

ನಾನು: ನಿಮ್ಮ ತೊಡೆ, ಮೀನಖಂಡ, ಬೆನ್ನು, ಭುಜ. ಗಂಡಸಿನ ತೂಕದಲ್ಲಿ ಸುಮಾರು ಶೇ 40 ಪಾಲು ಎಲುಬಿಗೆ ಅಂಟಿದ ಸ್ನಾಯುವೇ. ಅನ್ನ ಉಂಡಾಗ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲು ಎತ್ತಿಕೊಳ್ಳಬೇಕಾದದ್ದು ಅದು. ಇವತ್ತು ಬೆಳಿಗ್ಗೆ ಅದು ಎತ್ತಿಕೊಳ್ಳಲಿಲ್ಲ. ಎತ್ತದೆ ಉಳಿದದ್ದು ನಿಮ್ಮ ಮೆಷಿನ್ನಿನಲ್ಲಿ 196 ಆಗಿ ಕಂಡಿತು.

ಭಾವ: ಹಸಿದವನಲ್ಲವಾ ಎಲೆಗೆ ಮೊದಲು ಕೈ ಹಾಕಬೇಕಾದವ?

ನಾನು: ಹಸಿದದ್ದು ನೀವು. ಸ್ನಾಯು ಹಸಿದಿರಲಿಲ್ಲ. ನಿನ್ನೆಯಿಡೀ ಅದು ಕೊಬ್ಬು ಉಂಡುಕೊಂಡೇ ಇತ್ತು. ನಿಮ್ಮ ಅಜ್ಜನ ಕಾಲದ ಮನೆ ನೆನಪು ಮಾಡಿಕೊಳ್ಳಿ. ಅಡುಗೆಮನೆಯಲ್ಲಿ ದಿನದ ಅಕ್ಕಿಯ ಡಬ್ಬ, ಅಟ್ಟದಲ್ಲಿ ಬೈಹುಲ್ಲು ಸುತ್ತಿ ಕಟ್ಟಿದ ಅಕ್ಕಿಮುಡಿ.

ಭಾವ: ಇತ್ತು. ಸಾಲಾಗಿ ಇಡುತ್ತಿದ್ದರು. ಆಟಿಯ ಮಳೆಗೆ ಗದ್ದೆಯಲ್ಲೂ ಇಲ್ಲ, ಪೇಟೆಗೂ ಹೋಗಲಾಗದು ಅನ್ನುವಾಗ ಬಿಚ್ಚುವುದು. ಅದಕ್ಕೆ ಮೊದಲು ಯಾರಾದರೂ ಮುಡಿ ಮುಟ್ಟಿದರೆ ಅಮ್ಮ ಏಣಿಯ ಬುಡದಲ್ಲೇ ತಡೆದು ನಿಲ್ಲಿಸುತ್ತಿದ್ದಳು.

ನಾನು: ಆ ಅಮ್ಮನನ್ನು ಮರೆಯಬೇಡಿ, ಅವರು ಮತ್ತೆ ಬರುತ್ತಾರೆ. ದೇಹದ ಡಬ್ಬ ಇರುವುದು ಲಿವರಿನಲ್ಲಿ. ಅಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು 100 ಗ್ರಾಂ ಸಕ್ಕರೆ ಕೂಡಿಟ್ಟಿರುತ್ತದೆ. ಮನೆಯವರಿಗೆಲ್ಲ ಅಳೆದು ಕೊಡುವ ಡಬ್ಬ ಅದು. ಸ್ನಾಯುಗಳಲ್ಲೂ ಗ್ಲೈಕೋಜನ್ ಉಂಟು, ಎಲ್ಲ ಸೇರಿ 400 ಗ್ರಾಂನಷ್ಟು. ಆದರೆ ಅದನ್ನು ಹೊರಗೆ ಕೊಡಲು ಬರುವುದಿಲ್ಲ. ಗ್ಲೈಕೋಜನ್ನಿನಿಂದ ಬಿಡಿಸಿದ ಸಕ್ಕರೆಗೆ ಫಾಸ್ಫೇಟಿನ ಒಂದು ಗಂಟು ಅಂಟಿಕೊಂಡಿರುತ್ತದೆ. ಆ ಗಂಟು ಬಿಚ್ಚುವ ಕಿಣ್ವ ಲಿವರಿನಲ್ಲಿದೆ, ಸ್ನಾಯುವಿನಲ್ಲಿ ಇಲ್ಲ. ಹಾಗಾಗಿ ತೊಡೆಯ ಸಕ್ಕರೆ ತೊಡೆಗೇ.

ಭಾವ: ಲಿವರಿನ ಡಬ್ಬ ಎಷ್ಟು ಹೊತ್ತಿಗೆ?

ನಾನು: ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ. ಮಿದುಳು ಒಂದೇ ದಿನಕ್ಕೆ 100ರಿಂದ 120 ಗ್ರಾಂ ಸಕ್ಕರೆ ಬೇಡುತ್ತದೆ. ನೀವು ಏಕಾದಶಿಯ ರಾತ್ರಿ ಮಲಗುವ ಹೊತ್ತಿಗೆ ಡಬ್ಬದ ತಳ ಕಾಣುತ್ತಿರುತ್ತದೆ. ಸ್ನಾಯುವೂ ಅದೇ ಡಬ್ಬಕ್ಕೆ ಕೈ ಹಾಕಿದ್ದರೆ ಬೆಳಗಾಗುವುದಕ್ಕೆ ಮೊದಲೇ ನಿಮಗೆ ತಲೆ ತಿರುಗಿ ಬೀಳುವ ಸ್ಥಿತಿ ಬರುತ್ತಿತ್ತು. ಹಾಗಾಗದ ಹಾಗೆ ಒಂದು ವ್ಯವಸ್ಥೆ ಉಂಟು, ಅದಕ್ಕೇ ಇಷ್ಟು ಮಾತು. ಅಟ್ಟದಲ್ಲಿ ಕೊಬ್ಬಿದೆ. ಬಡಕಲೂ ಅಲ್ಲದ, ದಪ್ಪವೂ ಅಲ್ಲದ ಆಳಿನಲ್ಲೂ 10-15 ಕಿಲೊ. ಗ್ರಾಂ ಸಕ್ಕರೆಗೆ 4 ಕಿಲೊಕ್ಯಾಲರಿ, ಗ್ರಾಂ ಕೊಬ್ಬಿಗೆ 9. ಸಾಲದ್ದಕ್ಕೆ, ಒಂದು ಗ್ರಾಂ ಗ್ಲೈಕೋಜನ್ ಇಡಲು ಮೂರು ಗ್ರಾಂನಷ್ಟು ನೀರೂ ಜೊತೆಗೆ ಇಡಬೇಕು. ಕೊಬ್ಬಿಗೆ ಆ ಭಾರವಿಲ್ಲ. ಲೆಕ್ಕ ಹಾಕಿದರೆ ಲಕ್ಷ ಕಿಲೊಕ್ಯಾಲರಿ ನಿಮ್ಮ ಚರ್ಮದಡಿಯಲ್ಲೇ ಉಂಟು.

ಭಾವ: ಅಷ್ಟಿದ್ದೂ ದಿನಾ ಅದು ಯಾಕೆ ಇಳಿಯುವುದಿಲ್ಲ?

ನಾನು: ಏಣಿಯ ಬುಡದಲ್ಲಿ ಅಮ್ಮ ನಿಂತಿದ್ದಾರೆ. ದೇಹದಲ್ಲಿ ಆ ಅಮ್ಮನ ಹೆಸರು ಇನ್ಸುಲಿನ್. ಉಂಡಾಗ ಇನ್ಸುಲಿನ್ ಏರುತ್ತದೆ. ಸ್ನಾಯುವಿಗೆ ಸಕ್ಕರೆ ತೆಗೆದುಕೋ ಅನ್ನುತ್ತದೆ, ಕೊಬ್ಬಿನ ಕೋಶಗಳಿಗೆ ಮುಡಿ ಬಿಚ್ಚಬೇಡ ಅನ್ನುತ್ತದೆ. ಉಪವಾಸದಲ್ಲಿ ಇನ್ಸುಲಿನ್ ಇಳಿಯುತ್ತದೆ, ಅಡ್ರಿನಾಲಿನ್ ಬಗೆಯ ಸೂಚನೆಗಳು ಏರುತ್ತವೆ. ಆಗ ಅಟ್ಟದಲ್ಲಿ ಮುಡಿ ಬಿಚ್ಚುವ ಕೆಲಸ ನಡೆಯುತ್ತದೆ. ಒಂದೊಂದು ಕೊಬ್ಬಿನ ಕಣವೂ ಮೂರು ಕೊಬ್ಬಿನಾಮ್ಲ, ಒಂದು ಗ್ಲಿಸರಾಲ್ ಆಗಿ ಒಡೆಯುತ್ತದೆ. ಕೊಬ್ಬಿನಾಮ್ಲಕ್ಕೆ ನೀರಿನಲ್ಲಿ ಕರಗಲು ಬರುವುದಿಲ್ಲವಲ್ಲ, ಅದನ್ನು ಆಲ್ಬುಮಿನ್ ಎಂಬ ಪ್ರೋಟೀನ್ ಹೊತ್ತು ರಕ್ತದಲ್ಲಿ ಸಾಗಿಸುತ್ತದೆ.

ಭಾವ: ಸರಿ, ತೊಡೆಯ ಬಾಗಿಲಿಗೆ ಬಂತು. ಅಲ್ಲಿಂದ?

ನಾನು: ಅಲ್ಲಿಂದ ಮುಂದಿನದು ನನಗೆ ಎಷ್ಟು ಹೇಳಿದರೂ ಸಾಲದು. ಸ್ನಾಯುತಂತುವಿನ ಒಳಗೆ ಮೈಟೊಕಾಂಡ್ರಿಯ ಎಂಬ ಒಲೆಗಳಿವೆ. ಉದ್ದ ಸರಪಳಿಯ ಕೊಬ್ಬಿನಾಮ್ಲ ತಂತುವಿನೊಳಗೆ ಬಂದರೂ ಒಲೆಯ ಗೋಡೆ ದಾಟಲಾರದು. ದಾಟಿಸಲು ಕಾರ್ನಿಟಿನ್ ಎಂಬ ಅಂಬಿಗ ಬೇಕು. 1905ರಲ್ಲಿ ಮಾಂಸದ ಸಾರದಿಂದ ಮೊದಲು ತೆಗೆದ ವಸ್ತು ಅದು, ಹಾಗಾಗಿ ಲ್ಯಾಟಿನ್ನಿನಲ್ಲಿ ಮಾಂಸಕ್ಕಿರುವ ಪದದಿಂದಲೇ ಆ ಹೆಸರು. ನಮ್ಮ ದೇಹದ ಕಾರ್ನಿಟಿನ್ನಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಇರುವುದು ಸ್ನಾಯುಗಳಲ್ಲೇ. ಕೊಬ್ಬನ್ನು ಆ ದೋಣಿಗೆ ಹತ್ತಿಸುವ ಕಟ್ಟೆಯಲ್ಲಿ ಒಂದು ಕಿಣ್ವ ಕೂತಿದೆ. ಊಟವಾಗಿ ಸಕ್ಕರೆ ತುಂಬಿರುವಾಗ ಜೀವಕೋಶ ಮಾಲೋನೈಲ್ ಕೋಎ ಎಂಬ ಸಣ್ಣ ವಸ್ತುವನ್ನು ತಯಾರಿಸುತ್ತದೆ. ಅದು ಹೋಗಿ ಆ ಕಿಣ್ವದ ಕೈ ಹಿಡಿಯುತ್ತದೆ. ಕಟ್ಟೆ ಬಂದ್. ಉಪವಾಸದಲ್ಲಿ ಮಾಲೋನೈಲ್ ಕೋಎ ಕಡಿಮೆಯಾಗುತ್ತದೆ, ಕೈ ಬಿಡುತ್ತದೆ, ದೋಣಿಗಳು ಓಡಾಡುತ್ತವೆ. ಡೆನಿಸ್ ಮೆಕ್‌ಗಾರಿ ಮತ್ತು ಡೇನಿಯಲ್ ಫಾಸ್ಟರ್ ಇದನ್ನು ಮೊದಲು ಲಿವರಿನಲ್ಲಿ ಕಂಡದ್ದು 1977ರಲ್ಲಿ. ಸ್ನಾಯುವಿನಲ್ಲೂ ಅದೇ ಬೀಗ, ಇನ್ನೂ ಬಿಗಿಯಾದ ಬೀಗ.

ಭಾವ: ಗೋಡೆ ದಾಟಿದ ಮೇಲೆ ಒಲೆಗೆ ಇಡಿಯಾಗಿ ತುರುಕುವುದಾ?

ನಾನು: ತುಂಡು ಮಾಡಿ. ಸಾಮಾನ್ಯವಾಗಿ ಸಿಗುವ ಪಾಮಿಟಿಕ್ ಆಮ್ಲದಲ್ಲಿ ಸಾಲಾಗಿ 16 ಇಂಗಾಲ. ತುದಿಯಿಂದ ಎರಡೆರಡಾಗಿ ಕಡಿಯುವುದು. ಏಳು ಕಡಿತ, ಎಂಟು ತುಂಡು. ಫ್ರಾಂಜ್ ಕ್ನೂಪ್ 1904ರಲ್ಲಿ ನಾಯಿಗಳಿಗೆ ಗುರುತು ಕಟ್ಟಿದ ಕೊಬ್ಬಿನಾಮ್ಲ ತಿನ್ನಿಸಿ, ಮೂತ್ರದಲ್ಲಿ ಉಳಿಕೆ ಹುಡುಕಿ ಈ ಎರಡೆರಡರ ಲೆಕ್ಕ ಹಿಡಿದರು. ಈ ಕಡಿತ ಮಾಡುವ ಕಿಣ್ವ ಒಂದೂ ಗೊತ್ತಿಲ್ಲದ ಕಾಲ ಅದು. ಬಾಲಕ್ಕೆ ಗಂಟು ಕಟ್ಟಿ ಬಿಟ್ಟು, ಕೊನೆಗೆ ಗಂಟಿನ ಜೊತೆ ಎಷ್ಟು ಬಾಲ ಉಳಿಯಿತೆಂದು ನೋಡಿದ್ದಷ್ಟೇ. ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಇದನ್ನು ಹೇಳಲು ಕಾಯುತ್ತಿರುತ್ತೇನೆ.

ಭಾವ: ಒಂದು ಮಾತು ಕೇಳುತ್ತೇನೆ. ಏಕಾದಶಿ ದಿನ ತೋಟ ಸುತ್ತಿ ಬಿದ್ದ ಅಡಿಕೆ ಹೆಕ್ಕಿದರೆ ನನಗೆ ಏನೂ ಅನ್ನಿಸುವುದಿಲ್ಲ. ಆದರೆ ಗೊಬ್ಬರದ ಗೋಣಿ ಹೊತ್ತು ತೋಡಿನಾಚೆಯ ಏರು ಹತ್ತಿದರೆ ಕಾಲು ನಡುಗುತ್ತದೆ. ಎರಡೂ ಕಾಲಿನದೇ ಕೆಲಸ.

ನಾನು: ಎಷ್ಟು ಸರಿಯಾಗಿ ಗಮನಿಸಿದ್ದೀರಿ! ಕೊಬ್ಬು ಉರಿಯಲು ಆಮ್ಲಜನಕ ಬೇಕೇ ಬೇಕು. ಅದೂ ಸಕ್ಕರೆಗಿಂತ ಹೆಚ್ಚು ಬೇಕು, ಮತ್ತು ಉರಿ ನಿಧಾನ. ನಡೆಯಲು, ಬಗ್ಗಿ ಹೆಕ್ಕಲು ಆ ಉರಿ ಸಾಕು. ಗೋಣಿ ಹೊತ್ತು ಏರು ಹತ್ತುವಾಗ ಗಳಿಗೆಯೊಳಗೆ ಶಕ್ತಿ ಬೇಕು. ಅದನ್ನು ಸಕ್ಕರೆ ಮಾತ್ರ ಕೊಡಬಲ್ಲದು, ಆಮ್ಲಜನಕ ಸಾಲದೆ ಹೋದರೂ ಕೊಡಬಲ್ಲದು. ಉಪವಾಸದ ದಿನ ಆ ದಾರಿ ಸಣ್ಣದಾಗಿರುತ್ತದೆ. ಹಕ್ಕಿಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಅಂಕದ ಕೋಳಿ ಒಂದು ಗಳಿಗೆ ಹಾರಿ ಹೊಡೆಯುತ್ತದೆ, ಆಮೇಲೆ ಏದುಸಿರು. ಪಾರಿವಾಳ ಗಂಟೆಗಟ್ಟಲೆ ಹಾರುತ್ತದೆ. 1950ರ ದಶಕದಲ್ಲಿ ಬರೋಡದ ವಿಶ್ವವಿದ್ಯಾಲಯದಲ್ಲಿ ಜೆ. ಸಿ. ಜಾರ್ಜ್ ಎಂಬ ಪ್ರಾಧ್ಯಾಪಕರು ಪಾರಿವಾಳದ ಎದೆಸ್ನಾಯುವನ್ನೇ ಹಿಡಿದು ಕೂತರು. ಅದರಲ್ಲಿ ಎರಡು ಬಗೆಯ ತಂತು: ಸಪೂರದ ಕೆಂಪು ತಂತುವಿನಲ್ಲಿ ಕೊಬ್ಬು, ದಪ್ಪದ ಬಿಳಿ ತಂತುವಿನಲ್ಲಿ ಗ್ಲೈಕೋಜನ್. ದೂರದ ಹಾರಾಟಕ್ಕೆ ಕೊಬ್ಬೇ ಉರುವಲು ಎಂದು ನಮ್ಮ ದೇಶದ ಪ್ರಯೋಗಾಲಯವೊಂದು ಅಷ್ಟು ಮೊದಲೇ ತೋರಿಸಿತ್ತು. ನಮ್ಮ ಕಾಲಲ್ಲೂ ಎರಡೂ ಬಗೆ ಬೆರೆತಿವೆ. ನಿಂತು ನಡೆಯಲು ಕೆಂಪು, ನೆಗೆಯಲು ಬಿಳಿ.

ಭಾವ: ಮನುಷ್ಯನ ಸ್ನಾಯು ಕೊಬ್ಬು ಉಣ್ಣುತ್ತದೆಂದು ನೋಡಿದವರು ಯಾರು? ಪಾರಿವಾಳದ ಹಾಗೆ ಕೊಯ್ದು ನೋಡಲಾಗದಲ್ಲ.

ನಾನು: ನಿಮ್ಮ ತೋಟದ ಕಣಿಯ ಹಾಗೆ ನೋಡಿದರು. ಮೇಲಿನಿಂದ ಎಷ್ಟು ನೀರು ಬಂತು, ಕೆಳಗೆ ಎಷ್ಟು ಹೋಯಿತು ಅಂತ ಅಳೆದರೆ ತೋಟ ಕುಡಿದದ್ದು ಎಷ್ಟು ಅಂತ ಗೊತ್ತಾಗುತ್ತದಲ್ಲವಾ? 1956ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ರೂಬೆನ್ ಆಂಡ್ರೆಸ್ ಮತ್ತು ಕೆನ್ನೆತ್ ಝಿಯರ್ಲರ್ ತಂಡದವರು, ರಾತ್ರಿ ಉಂಡು ಬೆಳಿಗ್ಗೆ ಏನೂ ತಿನ್ನದ ಮನುಷ್ಯರ ಮುಂಗೈಯಲ್ಲಿ ಹೀಗೆ ಮಾಡಿದರು. ಸ್ನಾಯುವಿಗೆ ಹೋಗುವ ಧಮನಿಯ ರಕ್ತ, ಅದರಿಂದ ಹಿಂತಿರುಗುವ ಸಿರೆಯ ರಕ್ತ, ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದರು. ಆಮ್ಲಜನಕ ಹೋಗಿತ್ತು, ಸಕ್ಕರೆ ಹೆಚ್ಚು ಹೋಗಿರಲೇ ಇಲ್ಲ. ಆ ಆಮ್ಲಜನಕದಲ್ಲಿ ಉರಿದದ್ದರಲ್ಲಿ ಸಕ್ಕರೆಯ ಪಾಲು ಸ್ವಲ್ಪ. ಅಂದರೆ ಏಕಾದಶಿಯೇ ಬೇಡ, ದಿನಾ ಬೆಳಿಗ್ಗೆ ಎದ್ದು ಕಾಫಿ ಕುಡಿಯುವ ಮೊದಲೇ ನಿಮ್ಮ ಸ್ನಾಯು ಬಹುಮಟ್ಟಿಗೆ ಕೊಬ್ಬಿನ ಮೇಲೆ ನಡೆದಿರುತ್ತದೆ.

ಭಾವ: ಹಾಗಾದರೆ ಸ್ನಾಯುವಿಗೆ ಸಕ್ಕರೆ ಸಿಗದೆ ಕೊಬ್ಬು ತಿಂದದ್ದೋ, ಅಥವಾ ಕೊಬ್ಬು ಸಿಕ್ಕಿದ್ದರಿಂದ ಸಕ್ಕರೆ ಬಿಟ್ಟದ್ದೋ?

ಈ ಪ್ರಶ್ನೆಗೆ ನಾನು ಒಂದು ಕ್ಷಣ ಸುಮ್ಮನಾದೆ. ಒಂದು ಕಾಲದ ಜೀವರಸಾಯನಶಾಸ್ತ್ರವೆಲ್ಲ ತಿರುಗಿದ್ದು ಇದೇ ಪ್ರಶ್ನೆಯ ಸುತ್ತ. ಭಾವ ಓದಿದ್ದು ಹತ್ತನೆಯ ತರಗತಿವರೆಗೆ.

ನಾನು: ಎರಡನೆಯದು, ಭಾವ. ಸಕ್ಕರೆ ಇದ್ದರೂ ಬಿಡುತ್ತದೆ. 1963ರಲ್ಲಿ ಕೇಂಬ್ರಿಜ್ಜಿನ ಫಿಲಿಪ್ ರ‍್ಯಾಂಡಲ್ ಮತ್ತು ಜೊತೆಗಾರರು ಇಲಿಯ ಹೃದಯ ಮತ್ತು ವಪೆಯ ಸ್ನಾಯುಗಳ ಮೇಲೆ ಮಾಡಿದ ಕೆಲಸದಿಂದ ಇದನ್ನು ಹೇಳಿದರು. ಕೊಬ್ಬು ಉರಿಯುವಾಗ ಹುಟ್ಟುವ ವಸ್ತುಗಳೇ ಹಿಂದಕ್ಕೆ ಹೋಗಿ ಸಕ್ಕರೆಯ ದಾರಿಗೆ ಅಡ್ಡ ನಿಲ್ಲುತ್ತವೆ. ಮುಖ್ಯವಾಗಿ ಸಕ್ಕರೆಯಿಂದಾದ ಪೈರುವೇಟ್ ಒಲೆಗೆ ಹೋಗುವ ಬಾಗಿಲು ಮುಚ್ಚುತ್ತದೆ. ಉಪವಾಸ ಮುಂದುವರಿದರೆ ಆ ಬಾಗಿಲಿಗೆ ಅಗುಳಿ ಹಾಕುವ ಪಿಡಿಕೆ-4 ಎಂಬ ಕಿಣ್ವವನ್ನು ಸ್ನಾಯು ಹೆಚ್ಚುಹೆಚ್ಚಾಗಿ ತಯಾರಿಸುತ್ತದೆ. ಬಾಗಿಲು ಮುಚ್ಚಿದ ಮೇಲೆ ಉಳಿದ ಪೈರುವೇಟ್ ವ್ಯರ್ಥವಾಗದು. ಲ್ಯಾಕ್ಟೇಟ್, ಅಲನಿನ್ ಆಗಿ ಲಿವರಿಗೆ ಮರಳಿ, ಅಲ್ಲಿ ಮತ್ತೆ ಸಕ್ಕರೆಯಾಗಿ ಮಿದುಳಿಗೆ ಹೋಗುತ್ತದೆ.

ಭಾವ: ಎಲ್ಲ ಮಿದುಳಿಗಾಗಿ.

ನಾನು: ಎಲ್ಲ ಮಿದುಳಿಗಾಗಿ. ಕೊಬ್ಬಿನಾಮ್ಲ ರಕ್ತದಲ್ಲಿ ಎಷ್ಟು ತುಂಬಿದ್ದರೂ ಮಿದುಳು ಅದನ್ನು ಉರುವಲಾಗಿ ಬಳಸಿಕೊಳ್ಳಲಾರದು. ಹಾಗೆಂದು ಕೊಬ್ಬಿನಾಮ್ಲದಿಂದ ಸಕ್ಕರೆ ಮಾಡೋಣವೆಂದರೆ ಅದೂ ನಮ್ಮ ದೇಹಕ್ಕೆ ಬಾರದು. ಗ್ಲಿಸರಾಲಿನ ಸಣ್ಣ ಪಾಲು ಮಾತ್ರ ಸಕ್ಕರೆಯಾಗುತ್ತದೆ. ಉಳಿದ ಸಕ್ಕರೆ ಎಲ್ಲಿಂದ ಬರಬೇಕು ಹೇಳಿ? ಸ್ನಾಯುವಿನ ಪ್ರೋಟೀನ್ ಕರಗಿಸಿ.

ಭಾವ: ಅಂದರೆ ತೊಡೆ ತನ್ನನ್ನೇ ಕೊಡುತ್ತದೆ.

ನಾನು: ಕೊಡುತ್ತದೆ. ಪೂರ್ತಿ ಉಪವಾಸದ ಮೊದಲ ದಿನಗಳಲ್ಲಿ ದಿನಕ್ಕೆ ಸುಮಾರು 75 ಗ್ರಾಂ ಪ್ರೋಟೀನ್ ಕರಗುತ್ತದೆ. ಅದೇ ವೇಗದಲ್ಲಿ ಹೋದರೆ ಕೆಲವೇ ವಾರಗಳಲ್ಲಿ ಉಸಿರೆಳೆಯುವ ಸ್ನಾಯುವೂ ಸೋಲುತ್ತದೆ. ಆದರೆ 1912ರಲ್ಲಿ ಮಾಲ್ಟಾ ದೇಶದ ಲೆವಾನ್ಜಿನ್ ಎಂಬವರು ಅಮೆರಿಕದ ಬೋಸ್ಟನ್ನಿಗೆ ಹೋಗಿ, ಫ್ರಾನ್ಸಿಸ್ ಬೆನೆಡಿಕ್ಟ್ ಎಂಬ ವಿಜ್ಞಾನಿಯ ಕಣ್ಣೆದುರು 31 ದಿನ ಬರೀ ನೀರಿನಲ್ಲಿ ಇದ್ದರು. ದಿನದಿನವೂ ಅವರ ಉಸಿರು ಅಳೆದರು. ಒಳಗೆಳೆದ ಆಮ್ಲಜನಕಕ್ಕೂ ಹೊರಬಿಟ್ಟ ಇಂಗಾಲದ ಡೈಆಕ್ಸೈಡಿಗೂ ಇರುವ ಪ್ರಮಾಣ ನೋಡಿದರೆ ಉರಿಯುತ್ತಿರುವುದು ಏನೆಂದು ಗೊತ್ತಾಗುತ್ತದೆ. ಬರೀ ಸಕ್ಕರೆಯಾದರೆ 1, ಬರೀ ಕೊಬ್ಬಾದರೆ 0.7. ಅವರ ಲೆಕ್ಕ ಬೇಗನೆ ಕೊಬ್ಬಿನ ಕಡೆಗೆ ಇಳಿದು ಅಲ್ಲೇ ನಿಂತಿತು. ಒಂದು ತಿಂಗಳು ಮನುಷ್ಯ ಬದುಕಿಯೇ ಇದ್ದ. ಹಾಗಾದರೆ ಅಷ್ಟು ದಿನ ಮಿದುಳು ಎಂತ ಉಂಡಿತು? ಇದಕ್ಕೆ ಉತ್ತರ ಸಿಕ್ಕಿದ್ದು 1967ರಲ್ಲಿ, ಅದೇ ಬೋಸ್ಟನ್ನಿನಲ್ಲಿ. ಜಾರ್ಜ್ ಕೇಹಿಲ್, ಆಲಿವರ್ ಓವೆನ್ ಮತ್ತು ಸಂಗಡಿಗರು ಐದಾರು ವಾರ ಉಪವಾಸವಿದ್ದ ಸ್ಥೂಲಕಾಯದ ಮೂವರಲ್ಲಿ ಮಿದುಳಿಗೆ ಹೋಗುವ ರಕ್ತ, ಬರುವ ರಕ್ತ ಅಳೆದರು. ಲಿವರು ಕೊಬ್ಬಿನಿಂದ ಮಾಡುವ ಕೀಟೋನ್ ಎಂಬ ವಸ್ತುಗಳು ಮಿದುಳಿನ ಊಟದಲ್ಲಿ ಮೂರನೇ ಎರಡು ಪಾಲಿನಷ್ಟಾಗಿದ್ದವು.

ಭಾವ: ಕೀಟೋನ್ ಇದ್ದರೆ ಸ್ನಾಯುವೂ ಅದನ್ನು ತಿನ್ನುವುದಿಲ್ಲವಾ?

ನಾನು: ಮೊದಲು ತಿನ್ನುತ್ತದೆ. ಓವೆನ್ 1971ರಲ್ಲಿ ಜಾರ್ಜ್ ರೈಕಾರ್ಡ್ ಜೊತೆ ಮತ್ತೆ ಮುಂಗೈಯ ಲೆಕ್ಕಕ್ಕೇ ಹೋದರು. ಉಪವಾಸದ ಮೊದಲ ದಿನಗಳಲ್ಲಿ ಸ್ನಾಯು ಕೀಟೋನನ್ನು ಚೆನ್ನಾಗಿಯೇ ಎತ್ತಿಕೊಳ್ಳುತ್ತಿತ್ತು. ಮೂರು ವಾರ ಕಳೆದ ಮೇಲೆ ನೋಡಿದರೆ ರಕ್ತದಲ್ಲಿ ಕೀಟೋನ್ ತುಂಬಿದ್ದರೂ ಸ್ನಾಯು ಅದನ್ನು ಬಹಳ ಮಟ್ಟಿಗೆ ಬಿಟ್ಟು ಬರೀ ಕೊಬ್ಬಿನಾಮ್ಲಕ್ಕೆ ಇಳಿದಿತ್ತು. ಮೊದಲು ಸಕ್ಕರೆ ಬಿಟ್ಟಿತು, ಆಮೇಲೆ ಕೀಟೋನನ್ನೂ ಬಿಟ್ಟಿತು. ಮಿದುಳಿಗೆ ಕೀಟೋನ್ ಸಾಕಷ್ಟು ಸಿಕ್ಕಿದ್ದರಿಂದ ಸಕ್ಕರೆಯ ಬೇಡಿಕೆ ಇಳಿಯಿತು, ಸ್ನಾಯುವಿನ ಪ್ರೋಟೀನ್ ಕರಗುವುದು ದಿನಕ್ಕೆ 20 ಗ್ರಾಂನ ಹತ್ತಿರಕ್ಕೆ ಬಂತು. ಸ್ನಾಯು ಬಿಟ್ಟುಕೊಟ್ಟದ್ದೇ ಸ್ನಾಯುವನ್ನು ಉಳಿಸಿತು. ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಭಾವ ಸ್ವಲ್ಪ ಹೊತ್ತು ತಮ್ಮ ಅಂಗೈಯನ್ನೇ ನೋಡಿಕೊಂಡರು. ಅಡಿಕೆ ಸುಲಿದು ಕಪ್ಪಾದ ಬೆರಳು. ಮತ್ತೆ ಮೆಷಿನ್ ಎತ್ತಿಕೊಂಡರು.

ಭಾವ: ಈ 196ಕ್ಕೆ ಬಾ.

ನಾನು: ಬಂದೆ. ಇವತ್ತು ಬೆಳಿಗ್ಗೆ ಆರೂವರೆಗೆ ನೀವು ಅನ್ನ, ಪಾಯಸ ಉಂಡಿರಿ. ಸಕ್ಕರೆ ಹತ್ತೇ ನಿಮಿಷದಲ್ಲಿ ರಕ್ತಕ್ಕೆ ಬರತೊಡಗುತ್ತದೆ. ಆದರೆ ರಕ್ತದಲ್ಲಿ ಇನ್ನೂ ನಿನ್ನೆಯ ಕೊಬ್ಬಿನಾಮ್ಲ ಉಂಟು. ಸ್ನಾಯುವಿನ ಬಾಗಿಲಿಗೆ ನಿನ್ನೆ ಹಾಕಿದ ಅಗುಳಿಯೂ ಉಂಟು. ಅದನ್ನು ತೆಗೆಯಲು ಗಂಟೆಗಟ್ಟಲೆ ಬೇಕು. ಎರಡು ಮೂರು ದಿನ ಉಪವಾಸ ಮಾಡಿದ ಆರೋಗ್ಯವಂತ ಯುವಕರನ್ನು ಸ್ಕ್ಯಾನ್ ಮಾಡಿ ನೋಡಿದಾಗ ಸ್ನಾಯುತಂತುವಿನೊಳಗೆ ಕೊಬ್ಬಿನ ಹನಿಗಳು ಮೊದಲಿಗಿಂತ ಹೆಚ್ಚಾಗಿದ್ದವು. ಉಪವಾಸದಲ್ಲಿ ಕೊಬ್ಬು ಕರಗಬೇಕು ಅಂತ ನಾವು ತಿಳಿದರೆ, ಸ್ನಾಯುವಿನೊಳಗೆ ಅದು ಕೂಡುತ್ತದೆ. ಅಟ್ಟದಿಂದ ಇಳಿದದ್ದು ಒಲೆ ಉರಿಸುವುದಕ್ಕಿಂತ ಹೆಚ್ಚಾದರೆ ಉಳಿದದ್ದು ಒಲೆಯ ಪಕ್ಕದಲ್ಲೇ ರಾಶಿ. ಹಾಗೆ ಕೂಡಿದ ಸ್ನಾಯು ಇನ್ಸುಲಿನ್ನಿನ ಮಾತನ್ನು ಕೂಡಲೇ ಕೇಳುವುದಿಲ್ಲ. ಇವತ್ತು ಮಧ್ಯಾಹ್ನ, ರಾತ್ರಿ ಮಾಮೂಲಿನಂತೆ ಉಂಡು, ತೋಟದಲ್ಲಿ ಎರಡು ಸುತ್ತು ಹಾಕಿ, ನಾಡಿದ್ದು ನೋಡಿ. ನಿಮ್ಮ 130 ಮರಳಿ ಬರುತ್ತದೆ.

ಭಾವ: ಹಾಗಾದರೆ ಸಕ್ಕರೆ ಕಾಯಿಲೆಯವರ ಸ್ನಾಯುವಿನಲ್ಲೂ ಇದೇ ಅಗುಳಿಯಾ?

ನಾನು: ಇಂಥದ್ದೇ. ನನಗೆ ಬೇಸರವಾಗುವುದು ಅಲ್ಲಿ. ನಿಮ್ಮ ಸ್ನಾಯು ಮಿದುಳಿಗಾಗಿ ಎರಡು ದಿನ ಸಕ್ಕರೆ ಬಿಟ್ಟಿತು, ಕೆಲಸ ಮುಗಿದ ಮೇಲೆ ಮರಳುತ್ತದೆ. ಹೊಟ್ಟೆ ತುಂಬಾ ಉಂಡು, ದಿನವಿಡೀ ಕುರ್ಚಿಯಲ್ಲಿ ಕೂತು, ಕೊಬ್ಬು ತುಂಬಿಸಿಕೊಂಡವರ ಸ್ನಾಯುವೂ ಸಕ್ಕರೆ ಬಿಡುತ್ತದೆ. ಅಲ್ಲಿ ಯಾರೂ ಹಸಿದಿಲ್ಲ, ಯಾರಿಗಾಗಿಯೂ ಬಿಟ್ಟದ್ದಲ್ಲ. ಪಿಟ್ಸ್‌ಬರ್ಗಿನ ಡೇವಿಡ್ ಕೆಲಿ ಮತ್ತು ಲಾರೆನ್ಸ್ ಮಾಂಡರಿನೊ 1990ರ ದಶಕದಲ್ಲಿ ಕಾಲಿನ ಸ್ನಾಯುಗಳಲ್ಲಿ ಇದನ್ನು ಅಳೆದರು. ತೆಳ್ಳಗಿನವರ ಕಾಲು ರಾತ್ರಿ ಉಪವಾಸದ ಮೇಲೆ ಕೊಬ್ಬು ಉರಿಸುತ್ತಿತ್ತು, ಇನ್ಸುಲಿನ್ ಕೊಟ್ಟ ಕೂಡಲೇ ಸಕ್ಕರೆಗೆ ತಿರುಗುತ್ತಿತ್ತು. ಸ್ಥೂಲಕಾಯದವರ, ಮಧುಮೇಹಿಗಳ ಕಾಲು ಅತ್ತಲೂ ಸರಿಯಾಗಿ ತಿರುಗದು, ಇತ್ತಲೂ ತಿರುಗದು. ಒಂದೇ ಕಡೆ ಸಿಕ್ಕಿಕೊಂಡ ಗಾಡಿಯ ಗೇರಿನ ಹಾಗೆ.

ಭಾವ: ಅಂಥವರು ಉಪವಾಸ ಮಾಡಿದರೆ ಗೇರು ಬಿಡುತ್ತದಾ?

ನಾನು: ತಿಂಗಳಿಗೆ ಎರಡು ದಿನ ಹಸಿದು, ಉಳಿದ ದಿನ ಕೂತಲ್ಲೇ ಉಂಡರೆ ಬಿಡುವುದಿಲ್ಲ. ತೂಕ ಇಳಿಯಬೇಕು, ಸ್ನಾಯು ದುಡಿಯಬೇಕು. ಓಡುವವರ ಸ್ನಾಯುವಿನಲ್ಲೂ ಕೊಬ್ಬಿನ ಹನಿ ತುಂಬಾ ಇರುತ್ತದೆ, ಆದರೂ ಅವರ ಸ್ನಾಯು ಇನ್ಸುಲಿನ್ನಿನ ಮಾತು ಚೆನ್ನಾಗಿ ಕೇಳುತ್ತದೆ. ಅಲ್ಲಿ ಹನಿ ದಿನಾ ಬಂದು ದಿನಾ ಉರಿದು ಹೋಗುತ್ತದೆ. ನಿಮ್ಮನ್ನು ಕಾದದ್ದು ಏಕಾದಶಿಗಿಂತ ಹೆಚ್ಚಾಗಿ ತೋಡಿನಾಚೆಯ ಆ ಏರು ಅಂತ ನನ್ನ ಅಭಿಪ್ರಾಯ. ನೀವು ಒಪ್ಪಬೇಕೆಂದಿಲ್ಲ.

ಭಾವ: ಏಕಾದಶಿ ನಾನು ಸಕ್ಕರೆಗಾಗಿ ಮಾಡುವುದಲ್ಲ ಮಾರಾಯ, ದೇವರಿಗೆ ಮಾಡುವುದು. ಅದರಿಂದ ಮೈಗೆ ಲಾಭ ಬರದಿದ್ದರೂ ನನಗೇನೂ ನಷ್ಟ ಇಲ್ಲ.

ಆ ಮಾತಿಗೆ ನನ್ನಲ್ಲಿ ಸೇರಿಸಲು ಏನೂ ಇರಲಿಲ್ಲ. ಅಷ್ಟರಲ್ಲಿ ಅಕ್ಕ ಕಾಫಿ ಲೋಟ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ ತಿಳಿಯದು.

ಅಕ್ಕ: ನಿನ್ನೆ ಮಧ್ಯಾಹ್ನ ನನಗೆ ಮೈಯೆಲ್ಲ ಬೆವರಿತು. ಕೈ ನಡುಗಿತು, ಕಣ್ಣು ಮಬ್ಬಾಯಿತು. ಉಪವಾಸದ ಸುಸ್ತು ಅಂದುಕೊಂಡೆ. ತಡೆಯಲಾಗದೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡೆ. ವ್ರತ ಕೆಟ್ಟಿತಲ್ಲ ಅಂತ ಯಾರಿಗೂ ಹೇಳಲಿಲ್ಲ.

ಭಾವ: ನನಗಾದರೂ ಹೇಳಬಾರದಿತ್ತಾ?

ನಾನು: ಅಕ್ಕಾ, ನಿನ್ನೆ ಬೆಳಿಗ್ಗೆ ಸಕ್ಕರೆಯ ಮಾತ್ರೆ ತೆಗೆದುಕೊಂಡಿದ್ದೆಯಾ?

ಅಕ್ಕ: ಮಾತ್ರೆ ತಪ್ಪಿಸಬಾರದು ಅಂದಿದ್ದಾರಲ್ಲ. ತೀರ್ಥದ ಜೊತೆ ನುಂಗಿದೆ.

ನಾನು: ಆ ಮಾತ್ರೆಯ ಪಟ್ಟಿ ತಾ.

ಅವಳು ತಂದಳು. ಗ್ಲಿಮೆಪಿರೈಡ್. ಊಟ ಮಾಡಿರಲಿ, ಬಿಟ್ಟಿರಲಿ, ಮೇದೋಜೀರಕ ಗ್ರಂಥಿಯನ್ನು ಒತ್ತಿ ಇನ್ಸುಲಿನ್ ಹೊರಡಿಸುವ ಮಾತ್ರೆ.

ನಾನು: ಭಾವ, ನಿಮ್ಮ ಅಮ್ಮ ಮತ್ತೆ ಬರುತ್ತಾರೆ ಅಂದಿದ್ದೆನಲ್ಲ. ಉಪವಾಸದ ದಿನ ಅವರು ಏಣಿ ಬಿಟ್ಟು ಸರಿಯಬೇಕು, ಆಗಲೇ ಮುಡಿ ಇಳಿಯುವುದು. ಈ ಮಾತ್ರೆ ಅವರನ್ನು ಏಣಿಯ ಬುಡದಲ್ಲೇ ನಿಲ್ಲಿಸುತ್ತದೆ. ಇನ್ಸುಲಿನ್ ಇಳಿಯದಿದ್ದರೆ ಕೊಬ್ಬು ಹೊರಗೆ ಬರುವುದಿಲ್ಲ. ಕೊಬ್ಬು ಬಾರದಿದ್ದರೆ ಸ್ನಾಯು ಸಕ್ಕರೆ ಬಿಡುವುದಿಲ್ಲ, ಲಿವರು ಕೀಟೋನ್ ಮಾಡುವುದಿಲ್ಲ. ಡಬ್ಬ ಖಾಲಿಯಾಗುತ್ತಿದೆ, ಅಟ್ಟಕ್ಕೆ ಹತ್ತಲು ಬಿಡುತ್ತಿಲ್ಲ, ತಿನ್ನುವವರೆಲ್ಲ ಅದೇ ಡಬ್ಬಕ್ಕೆ ಕೈ ಹಾಕಿದ್ದಾರೆ. ಆಗ ಮಿದುಳಿಗೆ ಏನು ಉಳಿಯಿತು? ನಿನ್ನೆ ನಿನಗೆ ಬಂದದ್ದು ಉಪವಾಸದ ಸುಸ್ತಲ್ಲ ಅಕ್ಕಾ. ಆ ಬೆಲ್ಲದ ತುಂಡು ನಿನ್ನನ್ನು ಉಳಿಸಿದೆ.

ಅಕ್ಕ: ಹಾಗಾದರೆ ನಾನು ಇನ್ನು ಏಕಾದಶಿ ಬಿಡಬೇಕಾ?

ನಾನು: ಮಾತ್ರೆಯನ್ನು ನೀನಾಗಿ ಬಿಡಬೇಡ, ಉಪವಾಸವನ್ನೂ ಹೀಗೆ ಹೇಳದೆ ಕೇಳದೆ ಮಾಡಬೇಡ. ಆ ದಿನ ಯಾವ ಮಾತ್ರೆ, ಎಷ್ಟು, ಬೇಕೋ ಬೇಡವೋ ಎಂದು ನಿನ್ನ ಡಾಕ್ಟರು ಹೇಳಬೇಕು. ಕೆಲವರಿಗೆ ಫಲಾಹಾರದ ಉಪವಾಸ ಸಾಕು ಅನ್ನುತ್ತಾರೆ, ಕೆಲವರಿಗೆ ಬೇಡವೇ ಬೇಡ ಅನ್ನುತ್ತಾರೆ. ಏನೇ ಹೇಳಲಿ, ಇನ್ನು ಮೈ ಬೆವರಿ ನಡುಗಿದರೆ ಮೊದಲು ಬಾಯಿಗೆ ಸಕ್ಕರೆ, ಆಮೇಲೆ ಈ ಮೆಷಿನ್, ಆಮೇಲೆ ವ್ರತದ ಯೋಚನೆ.

ಅಕ್ಕ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಿನ್ನೆಯ ಗುಳಿ ಖಾಲಿಯಾಗಿತ್ತು, ಅದಕ್ಕೆ ಹದಿನೈದು ದಿನ ಮೊದಲಿನದೂ. ಭಾವ ಎದ್ದು ಹೋಗಿ ಗೋಡೆಯ ಮೊಳೆಯಿಂದ ಪಂಚಾಂಗ ತೆಗೆದರು. ಮುಂದಿನ ಏಕಾದಶಿಯ ತಾರೀಕಿನ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಎಳೆದು, ಡಾಕ್ಟರಿಗೆ ಫೋನು ಹಚ್ಚಿದರು.